ಎರೆಹೊಲದಲ್ಲಿ ಕುದುರೆ ಹುಡುಕಿದ್ದು

ಎರೆಮಣ್ಣಿನ ಗುಣ ಗೊತ್ತಿದ್ದೂ ಮೋಸಹೋದೆ. ನಾನು ಹುಟ್ಟಿದ್ದು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಳೆ ಬಿದ್ದರೆ ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳಲು ಬಿಡದ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ಮಣ್ಣನ್ನು ಯಾರೂ ನನಗೆ ಪರಿಚಯ ಮಾಡಿಸಬೇಕಾಗಿಲ್ಲ. ಆದರೂ 2024ರ ಜನವರಿ 11ರ ರಾತ್ರಿ ಆಕಾಶದ ಫೋಟೋ ತೆಗೆಯಲೆಂದು ಕಡಲೆ ಹೊಲದ ಬದುವಿನ ಪಕ್ಕ ಟ್ರೈಪಾಡ್ ಊರಿ, ಅದರ ಮೇಲೆ ಟ್ರ್ಯಾಕರ್, ಕ್ಯಾಮೆರಾ, ಭಾರವಾದ 200 ಎಂಎಂ ಲೆನ್ಸ್ ಎಲ್ಲವನ್ನೂ ಏರಿಸಿ ನಿಶ್ಚಿಂತೆಯಿಂದ ಕಂಬಳಿ ಹೊದ್ದು ಕುಳಿತೆ. ಒಂದು ಗಂಟೆ ಕಳೆದು ನೋಡಿದಾಗ ಟ್ರೈಪಾಡಿನ ಒಂದು ಕಾಲು ಒಂದು ಬೆರಳಿನಷ್ಟು ಒಳಗೆ ಇಳಿದಿತ್ತು. ಮೇಲಿನ ಕಪ್ಪು ಹೆಂಟೆ ಒಣಗಿ ಗಟ್ಟಿಯಾಗಿ ಕಂಡರೂ ಕೆಳಗೆ ಇನ್ನೂ ಹಸಿ ಇತ್ತು.

ಒಂದು ಬೆರಳು ಇಳಿದರೆ ಏನು ಮಹಾ ಎನ್ನಬಹುದು. ಭೂಮಿ ತಿರುಗುವುದರಿಂದ ಆಕಾಶದ ಚುಕ್ಕಿಗಳು ಪ್ರತಿ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತವೆ. (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್.) ನನ್ನ ಹಳೆಯ ಕ್ಯಾಮೆರಾ ಮತ್ತು ಆ ಲೆನ್ಸಿನ ಜೋಡಿಯಲ್ಲಿ ಒಂದು ಪಿಕ್ಸೆಲ್ ಎಂದರೆ ನಾಲ್ಕೂವರೆ ಆರ್ಕ್‌ಸೆಕೆಂಡ್. ಲೆಕ್ಕ ಹಾಕಿ: ಒಂದು ಸೆಕೆಂಡ್ ಶಟರ್ ತೆರೆದಿಟ್ಟರೂ ಚುಕ್ಕಿ ಮೂರು ಪಿಕ್ಸೆಲ್ ಉದ್ದದ ಗೀರಾಗುತ್ತದೆ. ಅದಕ್ಕೇ ಟ್ರ್ಯಾಕರ್ ಬೇಕು. ಭೂಮಿ ಪೂರ್ವಕ್ಕೆ ತಿರುಗಿದಷ್ಟೇ ವೇಗದಲ್ಲಿ ಅದು ಕ್ಯಾಮೆರಾವನ್ನು ಪಶ್ಚಿಮಕ್ಕೆ ತಿರುಗಿಸುತ್ತದೆ. ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಅಂದರೆ ಧ್ರುವನಕ್ಷತ್ರದ ಕಡೆಗೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಧ್ರುವದಿಂದ ಒಂದು ಹುಣ್ಣಿಮೆ ಚಂದ್ರನಷ್ಟು ಅಗಲಕ್ಕಿಂತ ತುಸು ಹೆಚ್ಚು ಆಚೆಗೆ, ಗುರಿ ಇಡಬೇಕು. ಯುರೋಪಿನವರಿಗೆ ಧ್ರುವ ನಡು ಆಕಾಶದಲ್ಲಿ ಸಿಗುತ್ತಾನೆ. ನಮ್ಮೂರಲ್ಲಿ ಅವನು ದಿಗಂತದಿಂದ 15 ಡಿಗ್ರಿ ಮೇಲೆ, ಧೂಳಿನ ತೆರೆಯಲ್ಲಿ, ಅದೂ ಪಕ್ಕದ ಹೊಲದ ಬೇವಿನ ಮರದ ಹಿಂದೆ. ಎಲ್ಲವನ್ನೂ ಹೊತ್ತುಕೊಂಡು ಮೂವತ್ತು ಹೆಜ್ಜೆ ಸರಿದು, ಮೊಣಕಾಲೂರಿ, ಕುತ್ತಿಗೆ ತಿರುಚಿ, ಆ ಮಂಕು ಚುಕ್ಕಿಯನ್ನು ಟ್ರ್ಯಾಕರಿನ ಕಿಂಡಿಯಲ್ಲಿ ಹಿಡಿಯಲು ಮುಕ್ಕಾಲು ಗಂಟೆ ಹಿಡಿದಿತ್ತು. ಬೆರಳಷ್ಟು ಮಣ್ಣು ಅದನ್ನೆಲ್ಲ ನುಂಗಿ ಹಾಕಿತು.

ಆ ದಿನ ಎಳ್ಳಮಾವಾಸ್ಯೆ. ನೀಹಾರಿಕೆಯ, ಅಂದರೆ ಚುಕ್ಕಿಗಳ ನಡುವಿನ ಮಸುಕು ಮೋಡದ, ಫೋಟೋ ತೆಗೆಯುವವನಿಗೆ ಚಂದ್ರನಿಲ್ಲದ ರಾತ್ರಿ ಬೇಕು, ನಮ್ಮ ಮನೆಯವರಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಲು ಅದೇ ಅಮಾವಾಸ್ಯೆಯ ಹಗಲು ಬೇಕು. ಹೀಗೆ ನನ್ನ ಹುಚ್ಚಿಗೂ ಹಬ್ಬಕ್ಕೂ ಜಗಳವಿಲ್ಲ. ಮಧ್ಯಾಹ್ನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಊರಿಗೆ ಮರಳಿದರು. ನಾನೂ ಕಾಕಾನೂ ಹೊಲದಲ್ಲೇ ಉಳಿದೆವು. ಕಾಕಾ ಉಳಿದದ್ದು ನನಗಾಗಿ ಅಲ್ಲ, ರಾತ್ರಿ ತ್ರೀಫೇಸ್ ಕರೆಂಟು ಬಂದರೆ ಪಂಪ್‌ಸೆಟ್ ಚಾಲೂ ಮಾಡಲು. ಆ ಕರೆಂಟಿನ ಪ್ರಸಂಗ ಮುಂದೆ ಬರುತ್ತದೆ.

ಕತ್ತಲಾದ ಮೇಲೆ ಪೂರ್ವದಲ್ಲಿ ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಬೇಟೆಗಾರ, ಎದ್ದ. ಸೊಂಟದ ಮೂರು ಚುಕ್ಕಿಗಳು, ಅವುಗಳ ಕೆಳಗೆ ಜೋತುಬಿದ್ದ ಸಣ್ಣ ಕತ್ತಿ. ಕತ್ತಿಯ ನಡುವಿನ ಚುಕ್ಕಿಯ ಕಡೆಗೆ ದುರ್ಬೀನು ತಿರುಗಿಸಿ ಕಾಕಾನ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಇದು ಚುಕ್ಕಿ ಅಲ್ಲ ತಮ್ಮಾ. ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗಿದೆ.”

ಇಷ್ಟನ್ನು ಗೆಲಿಲಿಯೋ ಹೇಳಲಿಲ್ಲ. 1610ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅವನು ಇದೇ ಸೊಂಟ ಮತ್ತು ಕತ್ತಿಯ ಸುತ್ತ ಎಂಬತ್ತು ಹೊಸ ಚುಕ್ಕಿಗಳನ್ನು ಬರೆದುಕೊಂಡ, ಈ ಉಸಿರಿನ ಕಲೆಯನ್ನು ಮಾತ್ರ ಬರೆಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಫ್ರಾನ್ಸಿನ ಪೆಯ್‌ರೆಸ್ಕ್ ಎಂಬ ವಿದ್ವಾಂಸ ಅದನ್ನು ಕಂಡ. ಡಚ್ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ತಾನಾಗಿಯೇ ಮತ್ತೊಮ್ಮೆ ಕಂಡು 1659ರಲ್ಲಿ ಚಿತ್ರ ಬರೆದು ಅಚ್ಚು ಹಾಕಿಸಿದ. ಧೂಮಕೇತುಗಳ ಬೆನ್ನುಹತ್ತಿದ್ದ ಮೆಸ್ಸಿಯೆ 1769ರ ಮಾರ್ಚ್ 4ರಂದು ಇದನ್ನು ತನ್ನ ಪಟ್ಟಿಗೆ 42ನೆಯದಾಗಿ ಸೇರಿಸಿದ. ಇವತ್ತಿಗೂ ನಾವು ಇದನ್ನು ಎಂ 42 ಎನ್ನುವುದು ಅದಕ್ಕೇ. ಧೂಮಕೇತು ಎಂದು ಮೋಸಹೋಗಬಾರದ ಮಸುಕುಗಳ ಪಟ್ಟಿ ಅದು. ಅವನ ಧೂಮಕೇತುಗಳ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ, ಬೇಡವೆಂದು ಬದಿಗಿಟ್ಟ ಪಟ್ಟಿಯೇ ಅವನನ್ನು ಉಳಿಸಿದೆ.

ಮೊದಲ ಫೋಟೋ 30 ಸೆಕೆಂಡಿನದು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಗುಲಾಬಿ ಬಣ್ಣದ ರೆಕ್ಕೆ ಬಿಚ್ಚಿದ ಹಕ್ಕಿಯಂಥದ್ದೊಂದು ಮೂಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು, ನಿಜ. ಹಿಂದೆಯೇ ಸ್ವಲ್ಪ ನಾಚಿಕೆಯೂ ಆಯಿತು. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಬಳಿಯ ಹೇಸ್ಟಿಂಗ್ಸ್‌ನಲ್ಲಿ ಹೆನ್ರಿ ಡ್ರೇಪರ್ ಎಂಬ ವೈದ್ಯ ಇದೇ ನೀಹಾರಿಕೆಯ ಫೋಟೋ ತೆಗೆದ. ಜಗತ್ತಿನಲ್ಲಿ ಯಾವುದೇ ನೀಹಾರಿಕೆಯ ಮೊದಲ ಫೋಟೋ ಅದು. ಹನ್ನೊಂದು ಇಂಚಿನ ದೂರದರ್ಶಕ, 51 ನಿಮಿಷಗಳ ಎಕ್ಸ್‌ಪೋಷರ್, ಸಿಕ್ಕಿದ್ದು ನಡುವಿನ ಹೊಳಪಿನ ಭಾಗ ಮಾತ್ರ. ಅದಕ್ಕೂ ಮೊದಲು ಅದು ಸಾಧ್ಯವೇ ಇರಲಿಲ್ಲ, ಏಕೆಂದರೆ ಆಗಿನ ಒದ್ದೆ ಗಾಜಿನ ಫಲಕಗಳು ಕಾಲು ಗಂಟೆಯೊಳಗೆ ಒಣಗಿ ಕೆಡುತ್ತಿದ್ದವು. ಜೆಲಟಿನ್ ಬಳಿದ ಒಣ ಫಲಕ ಬಂದ ಮೇಲೆಯೇ ಗಂಟೆಗಟ್ಟಲೆ ಬೆಳಕನ್ನು ಕೂಡಿಡುವುದು ಕೈಗೂಡಿತು. ಮೂರು ವರ್ಷಗಳ ನಂತರ ಲಂಡನ್ನಿನ ಹೊರವಲಯದ ಈಲಿಂಗ್‌ನಲ್ಲಿ ಆಂಡ್ರೂ ಕಾಮನ್ ಎಂಬ ಎಂಜಿನಿಯರ್ ತನ್ನ ಹಿತ್ತಲಲ್ಲೇ 36 ಇಂಚಿನ ಕನ್ನಡಿಯ ದೂರದರ್ಶಕ ನಿಲ್ಲಿಸಿ, ಒಂದು ಗಂಟೆಯವರೆಗಿನ ಎಕ್ಸ್‌ಪೋಷರ್ ಕೊಟ್ಟ. ಕಣ್ಣಿಗೆ ಎಂದೂ ಕಾಣದ ಚುಕ್ಕಿಗಳೂ ಮಸುಕುಗಳೂ ಫಲಕದ ಮೇಲೆ ಮೂಡಿದವು. ಅಲ್ಲಿಯವರೆಗೆ ಕಣ್ಣು ಕಂಡದ್ದಕ್ಕೆ ಫೋಟೋ ಸಾಕ್ಷಿಯಾಗುತ್ತಿತ್ತು. ಅಲ್ಲಿಂದ ಫೋಟೋ ಕಂಡದ್ದನ್ನು ಕಣ್ಣು ಹುಡುಕಬೇಕಾಯಿತು.

ನನಗೆ ಬೇಕಿದ್ದದ್ದು ಅಂಥದೇ ಒಂದು: ಕುದುರೆ ತಲೆ ನೀಹಾರಿಕೆ. ಸೊಂಟದ ಮೂರು ಚುಕ್ಕಿಗಳಲ್ಲಿ ಪೂರ್ವದ ಕೊನೆಯದು ಆಲ್ನಿಟಾಕ್. ಅದರಿಂದ ಅರ್ಧ ಡಿಗ್ರಿ ದಕ್ಷಿಣಕ್ಕೆ, ಕೆಂಪು ಬೆಳಕಿನ ಒಂದು ತೆರೆಯ ಮುಂದೆ, ಕರಿ ಕುದುರೆಯ ತಲೆ. ಪತ್ರಿಕೆಗಳಲ್ಲಿ ಪುಟ ತುಂಬುವ ಆ ತಲೆ ಆಕಾಶದಲ್ಲಿ ಚಂದ್ರನ ಅಗಲದ ಆರರಲ್ಲಿ ಒಂದು ಪಾಲು ಮಾತ್ರ. ನನ್ನ ಫ್ರೇಮಿನ 5184 ಪಿಕ್ಸೆಲ್ ಅಗಲದಲ್ಲಿ ಅದಕ್ಕೆ ಸಿಗುವುದು ಎಪ್ಪತ್ತು ಪಿಕ್ಸೆಲ್.

ಟ್ರೈಪಾಡ್ ಎತ್ತಿ, ಕಾಲುಗಳ ಕೆಳಗೆ ಬದುವಿನ ಕಲ್ಲು ಕೊಟ್ಟು, ಮತ್ತೆ ಧ್ರುವನಿಗೆ ಜೋಡಿಸುವಷ್ಟರಲ್ಲಿ ಹನ್ನೊಂದೂವರೆ. ಒಂದೊಂದು ನಿಮಿಷದ ಫ್ರೇಮುಗಳು ಸಾಲಾಗಿ ಬರತೊಡಗಿದವು. ಹನ್ನೆರಡನೆಯದೋ ಹದಿಮೂರನೆಯದೋ ನಡೆಯುತ್ತಿದ್ದಾಗ ಇಡೀ ಹೊಲ ಹಗಲಾಯಿತು. ಕರೆಂಟು ಬಂದಿತ್ತು. ಕರೆಂಟು ಬಂದದ್ದು ದೂರದಿಂದಲೇ ತಿಳಿಯಲಿ ಎಂದು ಪಂಪ್‌ಸೆಟ್ ಕೋಣೆಯ ಹೊರಗೆ ಕಾಕಾ ಒಂದು ದೊಡ್ಡ ಬಲ್ಬು ಹಾಕಿದ್ದರು, ಅದರ ಸ್ವಿಚ್ಚು ಯಾವಾಗಲೂ ಚಾಲೂ. ನಾನು ಕೂಗಿಕೊಂಡೆ. ಕಾಕಾ ಮೋಟಾರು ಚಾಲೂ ಮಾಡಿ, ನೀರು ತಿರುವಿ, ಸಾವಕಾಶವಾಗಿ ಬಂದು ಬಲ್ಬು ತೆಗೆದರು. “ನಿನ್ನ ಚುಕ್ಕಿ ನಾಳೆಯೂ ಬರುತ್ತದೆ ತಮ್ಮಾ, ಕರೆಂಟಿನ ಮಾತು ಹೇಳಲಾಗದು” ಎಂದರು. ಉತ್ತರ ಇರಲಿಲ್ಲ.

ಬೆಂಗಳೂರಿಗೆ ಮರಳಿ, ಉಳಿದ ನಲವತ್ತು ಚಿಲ್ಲರೆ ಫ್ರೇಮುಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದೆ. ಪೇರಿಸುವುದೆಂದರೆ ಸರಾಸರಿ ತೆಗೆಯುವುದು. ನಿಜವಾದ ಬೆಳಕು ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿರುತ್ತದೆ, ಕ್ಯಾಮೆರಾದ ಗದ್ದಲ, ಅಂದರೆ ಸೆನ್ಸರ್ ತಾನಾಗಿಯೇ ಹುಟ್ಟಿಸುವ ಕಾಳುಕಾಳು, ಒಂದೊಂದರಲ್ಲಿ ಒಂದೊಂದು ಕಡೆ. ನೂರು ಫ್ರೇಮು ಕೂಡಿಸಿದರೆ ಗದ್ದಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಂ 42 ಚೆನ್ನಾಗಿಯೇ ಬಂದಿತ್ತು. ಆಲ್ನಿಟಾಕ್ ಪಕ್ಕದಲ್ಲಿ ಎಲೆಯ ನರಗಳಂಥ ಜ್ವಾಲೆ ನೀಹಾರಿಕೆಯೂ ಮಂದವಾಗಿ ಇತ್ತು. ಅದು ಖಗೋಳಜ್ಞ ವಿಲಿಯಂ ಹರ್ಷೆಲ್ 1786ರ ಜನವರಿ 1ರಂದು ಕಣ್ಣಿನಿಂದಲೇ ಕಂಡುಹಿಡಿದದ್ದು. ಕುದುರೆ ಮಾತ್ರ ಇರಲಿಲ್ಲ.

ತಪ್ಪು ಮಣ್ಣಿನದೂ ಅಲ್ಲ, ಬಲ್ಬಿನದೂ ಅಲ್ಲ. ಕುದುರೆಯ ಹಿಂದಿನ ತೆರೆ ಹೊಳೆಯುವುದು ಹೈಡ್ರೋಜನ್ನಿನ ಕಡುಗೆಂಪಿನಲ್ಲಿ, 656.3 ನ್ಯಾನೋಮೀಟರ್ ಅಲೆಯುದ್ದದಲ್ಲಿ. ಮದುವೆ ಮನೆಯ ಫೋಟೋಗಳಲ್ಲಿ ಮುಖಗಳು ಕೆಂಪಾಗಬಾರದೆಂದು ಮಾಮೂಲಿ ಕ್ಯಾಮೆರಾಗಳ ಸೆನ್ಸರಿನ ಮುಂದೆ ಒಂದು ಶೋಧಕ ಗಾಜು ಇಟ್ಟಿರುತ್ತಾರೆ. ಆ ಗಾಜು ಈ ಕೆಂಪಿನಲ್ಲಿ ಸುಮಾರು ಕಾಲು ಪಾಲನ್ನಷ್ಟೇ ಒಳಗೆ ಬಿಡುತ್ತದೆ. ಅದನ್ನು ತೆಗೆಸಬೇಕು. ಕ್ಯಾಮೆರಾ ರಿಪೇರಿಯ ಒಂದು ಅಂಗಡಿಗೆ ಕೊಟ್ಟೆ. ಗಾಜೇನೋ ಹೋಯಿತು, ಬದಲಿಗೆ ಸೆನ್ಸರಿನ ಮೇಲೆ ಧೂಳು ಬಂದು ಕುಳಿತಿತ್ತು. ಎಷ್ಟು ಊದಿದರೂ ಹೋಗದ ಧೂಳು. ಪ್ರತಿ ಫೋಟೋದಲ್ಲೂ ಐದಾರು ದುಂಡನೆಯ ಮಬ್ಬು ಕಲೆಗಳು. ಈ ಕಲೆಗಳನ್ನು ನೆನಪಿಟ್ಟುಕೊಳ್ಳಿ.

ಅದೇ ವರ್ಷ ಡಿಸೆಂಬರ್ 30ಕ್ಕೆ ಮತ್ತೆ ಎಳ್ಳಮಾವಾಸ್ಯೆ ಬಂತು. ಹನ್ನೆರಡು ಅಮಾವಾಸ್ಯೆಗಳಿಗೆ 354 ದಿನ ಸಾಕಾದ್ದರಿಂದ ಒಂದೇ ಇಸವಿಯಲ್ಲಿ ಎರಡು ಸಿಕ್ಕವು. ಚಿಗವ್ವ “ಈ ವರ್ಷ ಎರಡು ಸಲ ಹೋಳಿಗೆ ತಿಂದೆ” ಎಂದು ಲೆಕ್ಕ ಇಟ್ಟಿದ್ದರು. ಈ ಸಲ ಕಡಪ ಕಲ್ಲಿನ ಮೂರು ತುಂಡು ಬೆಂಗಳೂರಿನಿಂದಲೇ ಹೊತ್ತು ಒಯ್ದಿದ್ದೆ. ಹೊಲದ ತುಂಬ ಕಲ್ಲಿರುವ ಊರಿಗೆ ಕಲ್ಲು ತಂದವನೆಂದು ಎರಡು ದಿನ ನಗೆಪಾಟಲಾದೆ. ಕಾಕಾ “ಕಣದಲ್ಲಿ ಇಡು, ಅಲ್ಲಿ ನೆಲ ಗಟ್ಟಿ” ಎಂದರು. ಗಟ್ಟಿ ನಿಜ, ಆದರೆ ಕಣ ಪಂಪ್‌ಸೆಟ್ ಕೋಣೆಯ ಮಗ್ಗುಲಲ್ಲೇ. ಗಟ್ಟಿ ನೆಲದಲ್ಲಿ ಬೆಳಕು, ಕತ್ತಲಿದ್ದಲ್ಲಿ ಮೆದು ನೆಲ. ನಾನು ಕತ್ತಲನ್ನೇ ಆರಿಸಿಕೊಂಡೆ. ಪಶ್ಚಿಮಕ್ಕೆ ಕಪ್ಪತಗುಡ್ಡದ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುತ್ತಿದ್ದವು. ಮಹಾವ್ಯಾಧ ನೆತ್ತಿಯ ಹತ್ತಿರ ಇರುವವರೆಗೆ ಅವುಗಳಿಂದ ತೊಂದರೆಯಿಲ್ಲ.

ಫೋಕಸ್ ಮಾಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಿನ ಹಂತ. ಲೆನ್ಸಿನ ಮುಂದೆ, ಕರಿ ಫೈಲ್ ಹಾಳೆಯಲ್ಲಿ ಬ್ಲೇಡಿನಿಂದ ಸೀಳುಗಳನ್ನು ಕೊರೆದು ಮಾಡಿದ ಮುಸುಕು ಹಾಕಿ ಲುಬ್ಧಕ ನಕ್ಷತ್ರದ ಕಡೆ ತಿರುಗಿಸಿದರೆ ಚುಕ್ಕಿಯಿಂದ ಮೂರು ಕಿರಣಗಳು ಹೊರಡುತ್ತವೆ. ಎರಡು ಕತ್ತರಿಯಂತೆ ಅಡ್ಡ ಹಾಯುತ್ತವೆ, ಮೂರನೆಯದು ಅವುಗಳ ನಟ್ಟನಡುವೆ ನಿಲ್ಲಬೇಕು. ಬೆರಳಿನಿಂದ ಉಂಗುರ ತಿರುಗಿಸಿದರೆ ಅದು ಹಾರಿ ಆಚೆ ಹೋಗುತ್ತದೆ, ಉಗುರಿನಿಂದ ತಳ್ಳಿದರೆ ಕೂದಲೆಳೆಯಷ್ಟು ಸರಿಯುತ್ತದೆ. ನಟ್ಟನಡುವೆ ಬಂದ ಕೂಡಲೇ ಉಂಗುರಕ್ಕೆ ಟೇಪು ಸುತ್ತಿ, ಆಮೇಲೆ ಅದರ ಕಡೆ ನೋಡಲೂಬಾರದು. ಎರಡು ತಾಸಿಗೆ ಚಳಿ ಹೆಚ್ಚಿ ಗಾಜು ಕುಗ್ಗಿ ಅದು ತಾನಾಗಿಯೇ ಕೆಡುತ್ತದೆ. ಮತ್ತೆ ಟೇಪು ಕಿತ್ತು, ಮತ್ತೆ ಉಗುರು.

ಒಂದೊಂದು ನಿಮಿಷದ 118 ಫ್ರೇಮು ತೆಗೆದೆ. ಗಾಳಿಗೆ ನಡುಗಿದ್ದು, ವಿಮಾನ ಹಾದದ್ದು ಎಲ್ಲ ತೆಗೆದುಹಾಕಿ ಸರಿಯಾಗಿ 90 ಇಟ್ಟುಕೊಂಡೆ. ಇನ್ನೂ ಕೆಲವು ಬಳಸಬಹುದಿತ್ತು, ಆದರೆ ತೊಂಬತ್ತು ನಿಮಿಷಕ್ಕೆ ನನ್ನ ಮನಸ್ಸಿನಲ್ಲಿ ಒಂದು ಕಾರಣವಿತ್ತು. ಬೆಳಗಿನ ಜಾವ ಕ್ಯಾಮೆರಾದ ಸ್ವಂತ ಗದ್ದಲ ಅಳೆಯಲು ಲೆನ್ಸಿಗೆ ಮುಚ್ಚಳ ಹಾಕಿ ಇಪ್ಪತ್ತು ಕತ್ತಲೆ ಫ್ರೇಮು ತೆಗೆದೆ. ಬೆಳಕು ಹರಿದ ಮೇಲೆ ಕಾಕಾನ ಬಿಳಿ ಧೋತರವನ್ನು ಎರಡು ಮಡಿಕೆ ಮಾಡಿ ಲೆನ್ಸಿನ ಬಾಯಿಗೆ ಬಿಗಿದು, ಆಕಾಶದತ್ತ ಹಿಡಿದು, ಮೂವತ್ತು ಸಪಾಟು ಫ್ರೇಮು. ಬರೀ ಬಿಳುಪಿನ ಈ ಫೋಟೋಗಳಲ್ಲಿ ಧೂಳಿನ ಕಲೆ, ಅಂಚಿನ ಮಬ್ಬು ಎಲ್ಲವೂ ದಾಖಲಾಗುತ್ತವೆ. ಅಸಲಿ ಫೋಟೋವನ್ನು ಇವುಗಳಿಂದ ಭಾಗಿಸಿದರೆ ಕಲೆಗಳು ಮಾಯವಾಗುತ್ತವೆ. ಹಬ್ಬಕ್ಕೆಂದು ಒಗೆದಿಟ್ಟ ಧೋತರ ಅದು ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದು, ನಿದ್ದೆ ಮಾಡಲಾಗದೆ, ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು 90 ಫ್ರೇಮುಗಳನ್ನು ಅವಸರದಲ್ಲಿ ಪೇರಿಸಿದೆ, ಸಪಾಟು ಫ್ರೇಮುಗಳನ್ನು ಇನ್ನೂ ಬಳಸದೆ. ಹಿಗ್ಗಿಸಿ ನೋಡಿದರೆ ಆಲ್ನಿಟಾಕ್‌ನಿಂದ ಕೆಳಗೆ ಒಂದು ಕೆಂಪು ಪಟ್ಟಿ! ಪಟ್ಟಿ ಕಂಡ ಸಂತೋಷದಲ್ಲಿ ಕುದುರೆಗಾಗಿ ಕಣ್ಣಾಡಿಸಿದೆ. ಕಾಣಲಿಲ್ಲ. ಬರೀ ಧೂಳಿನ ಕಲೆಗಳು. ಪಕ್ಕದಲ್ಲಿ ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಒಮ್ಮೆ ಬಗ್ಗಿ ನೋಡಿದರು.

“ಇದೇನು, ಹೋಳಿಗೆಯ ಅಂಚನ್ನು ಇಲಿ ಕಚ್ಚಿದ ಹಾಗೆ?”

“ಧೂಳು ಚಿಗವ್ವಾ. ಕ್ಯಾಮೆರಾದ ಒಳಗೆ ಧೂಳು ಕೂತಿದೆ.”

“ಉಳಿದವು ದುಂಡಗಿವೆ, ಇದು ದುಂಡಗಿಲ್ಲವಲ್ಲ” ಎಂದು ಮತ್ತೆ ಜೋಳಕ್ಕೆ ಕೈ ಹಾಕಿದರು.

ಧೋತರದ ಫ್ರೇಮುಗಳಿಂದ ಭಾಗಿಸಿದೆ. ಒಂದೊಂದಾಗಿ ದುಂಡನೆಯ ಕಲೆಗಳೆಲ್ಲ ಹೋದವು. ಇಲಿ ಕಚ್ಚಿದ್ದು ಉಳಿಯಿತು. ಆಗ ಹೊಳೆಯಿತು: ಇಡೀ ಫ್ರೇಮಿನಲ್ಲಿ ಎಂ 42 ಕೂಡ ಹಿಡಿಯಲೆಂದು ಕ್ಯಾಮೆರಾವನ್ನು ಅಡ್ಡ ತಿರುಗಿಸಿದ್ದೆ. ಕುದುರೆ ಮಗ್ಗುಲಾಗಿ ಮಲಗಿತ್ತು. ನಾನು ನಿಂತ ಕುದುರೆಯನ್ನು ಹುಡುಕುತ್ತಿದ್ದೆ.

ತೊಂಬತ್ತು ನಿಮಿಷದ ಕಾರಣ ಈಗ ಹೇಳುತ್ತೇನೆ. 1888ರ ಫೆಬ್ರವರಿ 6ರಂದು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಂ ಪಿಕರಿಂಗ್ ಎಂಟು ಇಂಚಿನ ದೂರದರ್ಶಕದಿಂದ ಈ ಭಾಗದ ಒಂದು ಗಾಜಿನ ಫಲಕ ತೆಗೆದ, 90 ನಿಮಿಷಗಳದು. ತೆಗೆದವನು ಅವನು, ನೋಡಿದವರು ವಿಲಿಯಮಿನಾ ಫ್ಲೆಮಿಂಗ್. ಸ್ಕಾಟ್ಲೆಂಡಿನ ಡಂಡೀ ಊರಿನವರು. ಗಂಡನೊಂದಿಗೆ ಅಮೆರಿಕಕ್ಕೆ ಬಂದಿದ್ದರು. ಬಸುರಿಯಾಗಿದ್ದಾಗ ಗಂಡ ಕೈಬಿಟ್ಟ. ವೀಕ್ಷಣಾಲಯದ ನಿರ್ದೇಶಕ, ವಿಲಿಯಂನ ಅಣ್ಣ ಎಡ್ವರ್ಡ್ ಪಿಕರಿಂಗ್‌ನ ಮನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ವೀಕ್ಷಣಾಲಯಕ್ಕೆ. ಸಾವಿರಾರು ಫಲಕಗಳನ್ನು ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ಶೋಧಿಸುವುದು ಅವರ ಕೆಲಸ. ಆ ಕೆಲಸದ ಬಹುಭಾಗಕ್ಕೆ ಹಣ ಕೊಟ್ಟವರು ಹೆನ್ರಿ ಡ್ರೇಪರ್‌ನ ವಿಧವೆ ಮೇರಿ ಆ್ಯನಾ, ಗಂಡನ ನೆನಪಿಗಾಗಿ. ಎಂ 42ರ ಮೊದಲ ಫೋಟೋ ತೆಗೆದ ಎರಡೇ ವರ್ಷಕ್ಕೆ ಡ್ರೇಪರ್ ತೀರಿಕೊಂಡಿದ್ದ.

ಆ ಫಲಕದಲ್ಲಿ ಫ್ಲೆಮಿಂಗ್ ಕಂಡದ್ದನ್ನು ಹೀಗೆ ದಾಖಲಿಸಲಾಯಿತು: ಆಲ್ನಿಟಾಕ್‌ನಿಂದ ದಕ್ಷಿಣಕ್ಕೆ ಚಾಚಿದ ನೀಹಾರಿಕೆ, ಅದರ ಅಂಚಿನಲ್ಲಿ ಐದು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತರಲ್ಲೊಂದು ಪಾಲು ಒಂದು ಆರ್ಕ್‌ಮಿನಿಟ್) ಅಗಲದ ಅರ್ಧವೃತ್ತಾಕಾರದ ಕಚ್ಚು. ಕುದುರೆಯ ಮಾತೇ ಇಲ್ಲ. ಚಿಗವ್ವನ ಇಲಿಯೇ ಮೂಲಕ್ಕೆ ಹತ್ತಿರ. 1895ರಲ್ಲಿ ಡ್ರೇಯರ್ ಎಂಬ ಖಗೋಳಜ್ಞ ಪ್ರಕಟಿಸಿದ ದೊಡ್ಡ ಪಟ್ಟಿಯಲ್ಲಿ ಇಂಥ ಶೋಧಗಳ ಎದುರಿಗೆ ಪಿಕರಿಂಗ್ ಎಂದಷ್ಟೇ ಇತ್ತು. ಫ್ಲೆಮಿಂಗ್ ಹೆಸರು ಇರಲಿಲ್ಲ.

ಇದನ್ನು ಚಿಗವ್ವನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅವಳಿಗೆ ಪಗಾರ ಎಷ್ಟಿತ್ತು?”

ಪುಣ್ಯಕ್ಕೆ ಉತ್ತರ ಗೊತ್ತಿತ್ತು. 1900ರಲ್ಲಿ ಬರೆದ ದಿನಚರಿಯಲ್ಲಿ ಫ್ಲೆಮಿಂಗ್ ತಾವೇ ದೂರಿಕೊಂಡಿದ್ದಾರೆ: ತಮಗೆ ವರ್ಷಕ್ಕೆ 1500 ಡಾಲರ್, ಅಲ್ಲಿಯ ಕೆಲವು ಗಂಡಸರಿಗೆ 2500. ಚಿಗವ್ವ ಮೊರವನ್ನು ಒಮ್ಮೆ ಜೋರಾಗಿ ಕೇರಿದರು. ಹೊಟ್ಟು ನನ್ನ ಕೀಬೋರ್ಡಿನ ಮೇಲೆ ಬಿತ್ತು.

ಸಂಜೆ ಕಾಕಾ ಬಂದು ನೋಡಿ, ಬೇರೆಯದೇ ತಕರಾರು ತೆಗೆದರು. “ದುರ್ಬೀನಿನಲ್ಲಿ ಬೂದಿ ಬಣ್ಣ ಇತ್ತು. ಈ ಕೆಂಪು ಅಲ್ಲಿಯದೋ, ನೀನು ಬಳಿದದ್ದೋ?” ನ್ಯಾಯವಾದ ಅನುಮಾನ. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಕಡುಗೆಂಪು ತಿಳಿಯುವುದೇ ಇಲ್ಲ. ಫ್ಲೆಮಿಂಗ್ ಕಾಲದ ಫಲಕಗಳೂ ನೀಲಿಗೆ ಮಾತ್ರ ಒಲಿಯುತ್ತಿದ್ದವು, ಆ ಕಚ್ಚು ಸಿಕ್ಕಿದ್ದು ಕೆಂಪಿನಲ್ಲಲ್ಲ. ಬಣ್ಣವನ್ನು ನಾನು ಹಿಗ್ಗಿಸಿದ್ದೇನೆ, ಹುಟ್ಟಿಸಿಲ್ಲ ಎಂದೆ. ಒಂದು ಕಾಲಕ್ಕೆ ಈ ಮಸುಕುಗಳು ಅನಿಲವೋ, ದೂರದ ಚುಕ್ಕಿಗಳ ಗುಂಪೋ ಎಂಬುದೇ ಜಗಳವಾಗಿತ್ತು. ಐರ್ಲೆಂಡಿನ ಲಾರ್ಡ್ ರಾಸ್ ಆರು ಅಡಿ ಅಗಲದ ಕನ್ನಡಿ ಕಟ್ಟಿ, ಎಂ 42ರಲ್ಲಿ ಚುಕ್ಕಿಗಳನ್ನು ಬಿಡಿಸಿ ಕಂಡೆ ಎಂದಿದ್ದ. 1864ರ ಆಗಸ್ಟ್ 29ರಂದು ವಿಲಿಯಂ ಹಗಿನ್ಸ್ ಇನ್ನೊಂದು ನೀಹಾರಿಕೆಯ ಬೆಳಕನ್ನು ಪಟ್ಟಕದಲ್ಲಿ ಒಡೆದು ನೋಡಿದ. ಚುಕ್ಕಿಗಳಾಗಿದ್ದರೆ ಕಾಮನಬಿಲ್ಲು ಬರಬೇಕಿತ್ತು, ಬಂದದ್ದು ಒಂಟಿ ಹಸಿರು ಗೆರೆ. ಕಾದ ಅನಿಲ. ಆ ಹಸಿರು ಯಾವ ಧಾತುವಿನದೆಂದು ತಿಳಿಯದೆ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಂಡರು. 1927ರಲ್ಲಿ ಐರಾ ಬೋವೆನ್, ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಎಂದು ತೋರಿಸಿದ.

“ಹಾಗಾದರೆ ಈ ಕಚ್ಚಿದ ಜಾಗ? ಅಲ್ಲಿ ಅನಿಲ ಖಾಲಿಯೋ?”

ಹರ್ಷೆಲ್‌ಗೂ ಹಾಗೇ ಅನ್ನಿಸಿತ್ತು. ವೃಶ್ಚಿಕದ ಒಂದು ಕಪ್ಪು ಜಾಗವನ್ನು ಕಂಡು ಆಕಾಶದಲ್ಲಿ ತೂತು ಎಂದಿದ್ದ. ಇಂಥ ಕಪ್ಪುಗಳನ್ನು ಬಹುಕಾಲ ಫೋಟೋ ತೆಗೆದ ಎಡ್ವರ್ಡ್ ಬರ್ನಾರ್ಡ್ 1919ರಲ್ಲಿ 182 ಕಪ್ಪು ತಾಣಗಳ ಪಟ್ಟಿ ಮಾಡಿದ. ನಮ್ಮ ಕುದುರೆ ಅದರಲ್ಲಿ 33ನೆಯದು. ತೂತಲ್ಲ, ಅಡ್ಡ ಬಂದ ಧೂಳಿನ ಮೋಡ. ಬೆಳಗ್ಗೆ ಚಿಗವ್ವನಿಗೆ ನಾನು ‘ಧೂಳು’ ಎಂದದ್ದು ಒಂದರ್ಥದಲ್ಲಿ ಸುಳ್ಳಾಗಿರಲಿಲ್ಲ, ದೂರ ಮಾತ್ರ ಸಾವಿರದ ಮುನ್ನೂರು ಜ್ಯೋತಿರ್ವರ್ಷ ತಪ್ಪಿತ್ತು.

ಎಪ್ಪತ್ತು ಪಿಕ್ಸೆಲ್ಲಿನ ಆ ಕುದುರೆ ಅಚ್ಚು ಹಾಕಿಸಿದರೆ ಬೆರಳ ತುದಿಯಷ್ಟಾಗುತ್ತದೆ. ಆದರೂ ಹಾಕಿಸಿ ಊರಿಗೆ ಕಳಿಸಿದೆ. ಈಗ 400 ಎಂಎಂ ದೂರದರ್ಶಕವೊಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇನೆ, ಕುದುರೆ ಎರಡರಷ್ಟು ದೊಡ್ಡದಾದೀತು. ಭಾರವೂ ಎರಡರಷ್ಟು.

ಮೊನ್ನೆ ಕಾಕಾ ಫೋನ್ ಮಾಡಿದ್ದರು. ಬಾವಿಯ ಆಚೆ ಮೂಲೆಯಲ್ಲಿ, ಬೇವಿನ ಮರ ಅಡ್ಡ ಬರದ ಕಡೆ, ಮೊಣಕಾಲುದ್ದ ಅಗೆಸಿ ಗಟ್ಟಿ ಹತ್ತಿದ ಮೇಲೆ ಮೂರು ಹಾಸುಗಲ್ಲು ಹೂಳಿಸಿದ್ದಾರಂತೆ. “ಮೂರರ ಮೇಲೂ ನೀರು ಸುರಿದು ನೋಡಿದೆ, ಯಾವ ಕಡೆಗೂ ಹರಿಯಲಿಲ್ಲ. ಬಲ್ಬು ಅಮಾವಾಸ್ಯೆಯ ಸಂಜೆಯೇ ಬಿಚ್ಚಿಟ್ಟಿರುತ್ತೇನೆ. ನೀನು ಬೆಂಗಳೂರಿನಿಂದ ಕಲ್ಲು ಹೊತ್ತು ತರಬೇಡ” ಎಂದರು. ಹಿಂದಿನಿಂದ ಚಿಗವ್ವನ ದನಿ ಕೇಳಿಸಿತು: “ಧೋತರ ಮನೆಯಿಂದ ಕೊಡುವುದಿಲ್ಲ, ತಾನೇ ಒಂದು ತರಲಿ ಎಂದು ಹೇಳಿರಿ.”